ತಕ್ಕಡಿಗೆ ಬಂದ ಮನಸ್ಸು



ಹವ್ಯಾಸಗಳು ನಾನಾ ಬಗೆ. ಕೆಲವರು ಅಂಚೆಚೀಟಿ ಸಂಗ್ರಹಿಸುತ್ತಾರೆ, ಕೆಲವರು ಹಳೆಯ ನಾಣ್ಯ, ಇನ್ನು ಕೆಲವರು ಗ್ರಾಮಫೋನ್ ತಟ್ಟೆ. ಸುಮಾರು ಇಪ್ಪತ್ತು ವರ್ಷಗಳಿಂದ ನಾನು ಕೂಡಿಹಾಕುತ್ತಿರುವುದು ಮನುಷ್ಯನ ಮನಸ್ಸನ್ನು ಕುರಿತ ಹಳೆಯ ಪುಸ್ತಕಗಳನ್ನು. ಮನೋರೋಗ, ನೆನಪು, ಕನಸು, ಬುದ್ಧಿಶಕ್ತಿ, ಮಕ್ಕಳ ಸ್ವಭಾವ ಮುಂತಾದ ವಿಷಯಗಳ ಮೇಲೆ ಬರೆದ, ಯಾರೋ ಓದಿ ಬಿಟ್ಟ ಪುಸ್ತಕಗಳು ಅವು. ನಾನು ಓದಿದ್ದು ಬಿ.ಎಸ್ಸಿ., ಮಾಡುವುದು ದೂರದರ್ಶನದ ಕಾರ್ಯಕ್ರಮ ನಿರ್ಮಾಣದ ಕೆಲಸ. ಮನಶ್ಶಾಸ್ತ್ರದಲ್ಲಿ ನಾನು ಪಂಡಿತನಲ್ಲ, ವೈದ್ಯನಂತೂ ಅಲ್ಲವೇ ಅಲ್ಲ. ಆದರೂ ಈ ಹವ್ಯಾಸ ನನಗೆ ಒಂದು ಪಾಠ ಕಲಿಸಿದೆ. ಮನಸ್ಸಿನ ಬಗ್ಗೆ ಯಾರು ಏನೇ ಹೇಳಲಿ, ಆ ಮಾತಿಗೆ ಒಂದು ಇಸವಿ ಇರುತ್ತದೆ. ಇಸವಿ ನೋಡದೆ ಅದನ್ನು ನಂಬಬಾರದು. ಇದಿಷ್ಟನ್ನು ನಿಮಗೆ ತಿಳಿಸುವುದೇ ಇಂದಿನ ಮಾತಿನ ಉದ್ದೇಶ.

ನಾನು ವಾಸವಾಗಿರುವುದು ಬೆಂಗಳೂರಿನ ಹನುಮಂತನಗರದಲ್ಲಿ. ರಾಮಾಂಜನೇಯ ಗುಡ್ಡದ ಮಗ್ಗುಲಿನ ಬಡಾವಣೆ ಇದು. ಒಂದು ಕಡೆ ಗವಿಪುರ, ಇನ್ನೊಂದು ಕಡೆ ಶ್ರೀನಗರ, ಸ್ವಲ್ಪ ನಡೆದರೆ ಗಾಂಧಿಬಜಾರು. ಮೇಷ್ಟರುಗಳು, ಬ್ಯಾಂಕಿನವರು, ಕಾರ್ಖಾನೆಗಳಿಂದ ನಿವೃತ್ತರಾದವರು ಮನೆ ಕಟ್ಟಿಕೊಂಡು ನೆಲೆಸಿದ ಜಾಗ. ಈಗ ಆ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಅಪಾರ್ಟ್‌ಮೆಂಟುಗಳಾಗುತ್ತಿವೆ. ಮನೆ ಕೆಡವುವ ಮುನ್ನ ಅಟ್ಟ ಖಾಲಿಯಾಗಬೇಕಷ್ಟೆ? ಅಟ್ಟದ ಹಿತ್ತಾಳೆ ಪಾತ್ರೆಗೆ ವಾರಸುದಾರರು ಸಿಗುತ್ತಾರೆ. ಪುಸ್ತಕಗಳು ಮಾತ್ರ ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ಬರುತ್ತವೆ. ನಮ್ಮ ಬೀದಿಯ ಅಂಗಡಿಯವನು ನನ್ನನ್ನು ಕಂಡೊಡನೆ, "ಬನ್ನಿ ಸಾರ್, ನಿಮ್ಮ ಹುಚ್ಚಿನ ಪುಸ್ತಕ ಎರಡು ಬಂದಿವೆ" ಎನ್ನುತ್ತಾನೆ. ಅವನು ಹೇಳುವ ಹುಚ್ಚು ಪುಸ್ತಕದ್ದೋ ನನ್ನದೋ ಎಂದು ನಾನು ಕೇಳುವುದಿಲ್ಲ.

ಹೀಗೆ ಬರುವ ಪುಸ್ತಕಗಳಲ್ಲಿ ಸ್ಥೂಲವಾಗಿ ಮೂರು ಜಾತಿ. ಮೊದಲನೆಯದು ಬಿ.ಎ., ಬಿ.ಎಡ್. ವಿದ್ಯಾರ್ಥಿಗಳ ಪಠ್ಯಪುಸ್ತಕ. ಪರೀಕ್ಷೆಗೆ ಬರುವ ಪುಟಗಳಲ್ಲಿ ಮಾತ್ರ ಕೆಂಪು ಗೆರೆ, ಉಳಿದ ಪುಟಗಳಲ್ಲಿ ಬೆರಳಿನ ಗುರುತೂ ಇರುವುದಿಲ್ಲ. ಎರಡನೆಯದು ಇಂಗ್ಲೆಂಡಿನಿಂದ ಬಂದ ನೀಲಿ ಹೊದಿಕೆಯ ಪೆಲಿಕನ್ ಪುಸ್ತಕ. 1937ರಲ್ಲಿ ಆರು ಪೆನ್ನಿ ಬೆಲೆಯಲ್ಲಿ ಆರಂಭವಾದ ಈ ಮಾಲೆಯಲ್ಲಿ ಮರುವರ್ಷವೇ ಫ್ರಾಯ್ಡ್ ಬರೆದ ದಿನನಿತ್ಯದ ಮರೆವು, ತಪ್ಪುಮಾತುಗಳ ಪುಸ್ತಕ ಬಂತು. 1953ರಲ್ಲಿ ಮನಶ್ಶಾಸ್ತ್ರದ ಉಪಯೋಗ ದುರುಪಯೋಗಗಳನ್ನು ಕುರಿತ ಐಸೆಂಕ್ ಅವರ ಪುಸ್ತಕ ಬಂತು. ಇವುಗಳ ಜೊತೆಗೆ ಮಾಸ್ಕೋದಲ್ಲಿ ಅಚ್ಚಾಗಿ ಇಲ್ಲಿ ಅಗ್ಗಕ್ಕೆ ಮಾರಾಟವಾದ ಪ್ಲಾಟನೊವ್ ಅಂಥವರ ಪುಸ್ತಕಗಳನ್ನೂ ಸೇರಿಸಬಹುದು. ಮೂರನೆಯದು ಕನ್ನಡದ ತೆಳುವಾದ ಪುಸ್ತಕಗಳು. ಮೂರರಲ್ಲಿ ಇವೇ ಅಪರೂಪ. ಸಾವಿರ ಪ್ರತಿ ಅಚ್ಚಾಗಿ, ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಸವೆದು, ಕೊನೆಗೆ ಹೊದಿಕೆಯಿಲ್ಲದೆ ಬರುತ್ತವೆ.

ಬೀದಿಯ ಅಂಗಡಿಯಲ್ಲಿ ಸಿಗದಿದ್ದರೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲು ಇದ್ದೇ ಇದೆ. ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯ ಸೆಲೆಕ್ಟ್ ಬುಕ್ ಶಾಪ್ ಕೂಡ ಹಳೆಯ ಪುಸ್ತಕಪ್ರಿಯರಿಗೆ ಚಿರಪರಿಚಿತ. ಅದರ ವ್ಯಾಪಾರ 1945ರಷ್ಟು ಹಿಂದಿನದು.

ವಿಜ್ಞಾನ ಓದಿದವನಿಗೆ ಹಳೆಯ ಪುಸ್ತಕದ ಮೇಲೆ ಇಷ್ಟು ಮೋಹ ಏಕೆ ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ವಿದ್ಯುತ್ತಿಗೆ ಸಂಬಂಧಿಸಿದ ಓಮ್‌ನ ನಿಯಮ ಪ್ರಕಟವಾದದ್ದು 1827ರಲ್ಲಿ. ಅದನ್ನು ನೂರು ವರ್ಷ ಹಳೆಯ ಪುಸ್ತಕದಲ್ಲಿ ಓದಿದರೂ ಇಂದು ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೆ ಅದು ಅನ್ವಯಿಸುತ್ತದೆ. ಮನಸ್ಸಿನ ಶಾಸ್ತ್ರದಲ್ಲಿ ಹಾಗಿಲ್ಲ. 1949ರಲ್ಲಿ ನೊಬೆಲ್ ಬಹುಮಾನ ಪಡೆದ ಚಿಕಿತ್ಸೆಯೊಂದು ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯಾಗಿತ್ತು. ಅದರಿಂದ ಎಷ್ಟೋ ರೋಗಿಗಳ ವ್ಯಕ್ತಿತ್ವವೇ ಹಾಳಾಯಿತು; ವೈದ್ಯರು ಅದನ್ನು ಕೈಬಿಟ್ಟು ದಶಕಗಳಾದವು. ಸಲಿಂಗಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯಿಂದ ತೆಗೆದುಹಾಕಿದ್ದು 1973ರಲ್ಲಿ. ಅದಕ್ಕೆ ಮುಂಚಿನ ಪಠ್ಯಪುಸ್ತಕ ಕೈಗೆ ಸಿಕ್ಕಿದರೆ, ರೋಗವೇ ಅಲ್ಲದ್ದಕ್ಕೆ ಚಿಕಿತ್ಸೆಯ ವಿವರಗಳು ಪುಟಗಟ್ಟಲೆ ಕಾಣುತ್ತವೆ. ಬುದ್ಧಿಶಕ್ತಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಎಂದು ತೋರಿಸಲು ಸಿರಿಲ್ ಬರ್ಟ್ ಎಂಬ ಹೆಸರಾಂತ ವಿದ್ವಾಂಸರು ಅವಳಿ ಮಕ್ಕಳ ಅಂಕಿ ಅಂಶ ಕೊಟ್ಟಿದ್ದರು. ಹಳೆಯ ಪಠ್ಯಗಳು ಅದನ್ನು ಸಿದ್ಧಸತ್ಯವೆಂದು ಉಲ್ಲೇಖಿಸುತ್ತಿದ್ದವು. 1971ರಲ್ಲಿ ಅವರು ತೀರಿಕೊಂಡ ಮೇಲೆ ಆ ಅಂಕಿಗಳ ಬಗ್ಗೆ ಸಂದೇಹ ಎದ್ದಿತು. 1979ರಲ್ಲಿ ಬಂದ ಅವರ ಜೀವನಚರಿತ್ರೆಯಲ್ಲಿ ಸ್ವತಃ ಅವರನ್ನು ಮೆಚ್ಚಿಕೊಂಡಿದ್ದ ಲೇಖಕರೇ ಆ ಸಂದೇಹವನ್ನು ಎತ್ತಿಹಿಡಿದರು.

ಆದ್ದರಿಂದ ಪುಸ್ತಕ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಶೀರ್ಷಿಕೆಯ ಹಿಂಬದಿಯ ಪುಟವನ್ನು. ಅಲ್ಲೂ ಎಚ್ಚರ ಬೇಕು. 1950ರ ಪುಸ್ತಕ 1990ರಲ್ಲಿ ಮರುಮುದ್ರಣವಾಗಿದ್ದರೆ ಅದರೊಳಗಿನ ತಿಳಿವಳಿಕೆ 1950ರದೇ. 'ಮರುಮುದ್ರಣ' ಎಂದಿದೆಯೋ 'ಪರಿಷ್ಕೃತ ಆವೃತ್ತಿ' ಎಂದಿದೆಯೋ ನೋಡಬೇಕು. ಹೊದಿಕೆ ಹೊಸದಾಗಿ ಹೊಳೆಯುತ್ತಿದ್ದರೂ ವಿಷಯ ಅಜ್ಜನ ಕಾಲದ್ದಿರಬಹುದು.

ಈಗ ನಮ್ಮ ನಾಡಿನ ಕಡೆಗೆ ಬರೋಣ. ಮನಶ್ಶಾಸ್ತ್ರ ಹೊರಗಿನಿಂದ ಬಂದ ವಿದ್ಯೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡವರಿದ್ದಾರೆ. ಆದರೆ ಭಾರತದಲ್ಲಿ ಮನಶ್ಶಾಸ್ತ್ರದ ವಿಭಾಗ ಮೊದಲು ಕಲ್ಕತ್ತದಲ್ಲಿ 1916ರ ಸುಮಾರಿಗೆ ಹುಟ್ಟಿದರೆ, 1924ರಲ್ಲೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅದು ಶುರುವಾಯಿತು. ಅದನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಬುದ್ಧಿಶಕ್ತಿಯ ಸಿದ್ಧಾಂತಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ಅಭ್ಯಾಸ ಮಾಡಿ ಬಂದವರು. ನನ್ನಂಥ ಪ್ರಸಾರ ವೃತ್ತಿಯವರಿಗೆ ಅವರು ಇನ್ನೊಂದು ಕಾರಣಕ್ಕೂ ಹಿರಿಯರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಅವರು ಒಂದು ರೇಡಿಯೋ ಕೇಂದ್ರ ನಡೆಸಿದರು. ಅದರ ಹೆಸರೇ 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆ ಅದೇ ಹೆಸರನ್ನು ತೆಗೆದುಕೊಂಡಿತು. ಮನಸ್ಸಿನ ಕೆಲಸವನ್ನು ಅಭ್ಯಾಸ ಮಾಡಿದ ಪ್ರಾಧ್ಯಾಪಕರೇ ಜನರ ಮನೆಯೊಳಗೆ ಧ್ವನಿಯನ್ನು ಕಳಿಸಲು ಹೊರಟದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ಅದೇ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ಒಬ್ಬ ತರುಣಿ ಮುಂದೆ ಕನ್ನಡಕ್ಕೆ ದೊಡ್ಡ ಕಾಣಿಕೆ ಕೊಟ್ಟರು. ಅವರೇ ತ್ರಿವೇಣಿ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡ ಈ ಲೇಖಕಿಯ 'ಶರಪಂಜರ' ಹೆರಿಗೆಯ ನಂತರ ಮನಸ್ಸಿನ ಸಮತೋಲ ತಪ್ಪಿದ ಹೆಣ್ಣೊಬ್ಬಳ ಕಥೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರ ಮಾಡಿದರು. ಕಲ್ಪನಾ ಅವರ ಅಭಿನಯವನ್ನು ಮರೆತವರುಂಟೇ? ಆ ಕಥೆಯಲ್ಲಿ ಆಸ್ಪತ್ರೆ ತನ್ನ ಕೆಲಸ ಮಾಡುತ್ತದೆ, ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆಂದು ನಂಬಲು ಮನೆಯವರು, ನೆರೆಯವರು ಸಿದ್ಧರಿರುವುದಿಲ್ಲ. ಕಾಯಿಲೆಗಿಂತ ಅನುಮಾನವೇ ಅವಳನ್ನು ಮುರಿಯುತ್ತದೆ. ನನ್ನ ಕಪಾಟಿನ ಎಷ್ಟೋ ಇಂಗ್ಲಿಷ್ ಗ್ರಂಥಗಳಲ್ಲಿ ಈ ಒಂದು ಸತ್ಯ ಇಷ್ಟು ಸ್ಪಷ್ಟವಾಗಿ ಇಲ್ಲ.

ಇನ್ನೊಬ್ಬರು ರಾಶಿ, ಅಂದರೆ ಡಾ. ಎಂ. ಶಿವರಾಂ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿ ನಾಡನ್ನು ನಗಿಸಿದ ಈ ವೈದ್ಯರು ಮನಸ್ಸಿನ ವಿಷಯದಲ್ಲಿ ಬರೆದ 'ಮನಮಂಥನ' ಗ್ರಂಥಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ, ಕಾದಂಬರಿ, ಕಾವ್ಯಕ್ಕೆ ಸಾಮಾನ್ಯವಾಗಿ ಸಲ್ಲುವ ಪ್ರಶಸ್ತಿ ಕನ್ನಡದಲ್ಲಿ ಮನೋವೈಜ್ಞಾನಿಕ ಗ್ರಂಥವೊಂದಕ್ಕೆ ಸಂದದ್ದು ಸಣ್ಣ ವಿಷಯವಲ್ಲ. ಆಮೇಲಿನ ದಶಕಗಳಲ್ಲಿ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದರು.

ನಿಮ್ಹಾನ್ಸ್ ಎಂದೊಡನೆ ಮತ್ತೆ ಅಂಗಡಿಯವನ 'ಹುಚ್ಚಿನ ಪುಸ್ತಕ' ನೆನಪಾಗುತ್ತದೆ. ಬೆಂಗಳೂರಿನ ಈ ಆಸ್ಪತ್ರೆಗೂ ಒಂದು ಕಾಲದಲ್ಲಿ 'ಲೂನಟಿಕ್ ಅಸೈಲಂ' ಎಂಬ ಹೆಸರಿತ್ತು. 1925ರಲ್ಲಿ ಅದು 'ಮಾನಸಿಕ ಆಸ್ಪತ್ರೆ'ಯಾಯಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ನಮ್ಮ ಬಾಯಿಯ ಮಾತು ಪೂರ್ತಿ ಬದಲಾಗಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಆ ಗಾದೆಯನ್ನು ನಿಜವೆಂದೇ ತಿಳಿದು ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಮನೆಗಳು ಎಷ್ಟಿಲ್ಲ?

ಇಲ್ಲಿ ಒಂದು ಘಟನೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ತರುಣಿಯೊಬ್ಬರು ನನ್ನ ಕಪಾಟು ನೋಡಲು ಬಂದರು. ಅವರ ಮಗನಿಗೆ ಮೂರು ವರ್ಷ. ಮಾತು ಬಂದಿಲ್ಲ, ಕರೆದರೆ ತಿರುಗುವುದಿಲ್ಲ, ಚಕ್ರ ತಿರುಗಿಸುತ್ತಾ ಗಂಟೆಗಟ್ಟಲೆ ಕೂರುತ್ತಾನೆ. "ನೀನು ಕೆಲಸಕ್ಕೆ ಹೋಗಿ ಮಗುವನ್ನು ಬಿಟ್ಟೆ, ಅದಕ್ಕೇ ಹೀಗೆ" ಎಂದು ಮನೆಯ ಹಿರಿಯರ ಮಾತು. ಕಪಾಟಿನಲ್ಲಿ ಅವರ ಕೈಗೆ ಸಿಕ್ಕಿದ್ದು ಬ್ರೂನೋ ಬೆಟ್ಟಲ್‌ಹೈಮ್ ಬರೆದ, 1967ರಲ್ಲಿ ಪ್ರಕಟವಾದ, ಆಟಿಸಂ ಕುರಿತ ದಪ್ಪ ಪುಸ್ತಕ. ಮಗುವಿಗೆ ಸಿಗಬೇಕಾದ ಪ್ರೀತಿ ಸಿಗದಿದ್ದುದೇ ಈ ಸ್ಥಿತಿಗೆ ಕಾರಣ ಎಂಬ ವಾದವನ್ನು ಜನಪ್ರಿಯಗೊಳಿಸಿದ ಪುಸ್ತಕ ಅದು. ಅಂಥ ತಾಯಂದಿರಿಗೆ ಆ ಕಾಲದಲ್ಲಿ 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರವಾದ ಹೆಸರೇ ಇತ್ತು. ನಾಲ್ಕು ಪುಟ ಓದುವಷ್ಟರಲ್ಲಿ ಆಕೆಯ ಮುಖ ಬಾಡಿತು. ಮನೆಯವರು ಹೇಳಿದ್ದೇ ದೊಡ್ಡ ಪುಸ್ತಕದಲ್ಲೂ ಇದೆಯಲ್ಲ ಎಂದುಕೊಂಡಿರಬೇಕು.

ನಾನು ಅವರಿಗೆ ಇಸವಿ ತೋರಿಸಿದೆ. ಆಮೇಲಿನ ಕಥೆಯನ್ನೂ ಹೇಳಿದೆ. ಆಟಿಸಂ ಎಂಬ ಸ್ಥಿತಿಯನ್ನು ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ ವಿವರಿಸಿದ್ದು 1943ರಲ್ಲಿ. ತಂದೆತಾಯಿಗಳ ತಣ್ಣನೆಯ ಸ್ವಭಾವದ ಮಾತು ಅವರ ಬರಹಗಳಲ್ಲೂ ಬಂದಿತ್ತು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಾವೇ ಅಂಥ ಮಗುವಿನ ತಂದೆಯಾಗಿದ್ದವರು, ಇದು ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ, ಸಾಕಿದ ರೀತಿಯಿಂದ ಬಂದದ್ದಲ್ಲ ಎಂದು ಪುಸ್ತಕ ಬರೆದರು. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಕ್ಯಾನರ್ ಅವರೇ ಎದ್ದುನಿಂತು ತಂದೆತಾಯಿಗಳನ್ನು ದೋಷಮುಕ್ತರೆಂದು ಸಾರಿದರು. ಅನುವಂಶೀಯತೆ ಮತ್ತು ಮಿದುಳಿನ ಬೆಳವಣಿಗೆಯ ಪಾತ್ರವನ್ನು ನಂತರದ ಸಂಶೋಧನೆಗಳು ಗಟ್ಟಿಗೊಳಿಸಿವೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಣ್ಣಾ? ಸುಟ್ಟುಬಿಡಬಾರದೇ?" ಎಂದರು.

ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು. "ನಿಮ್ಮ ಮೇಲೆ ಹೊರಿಸಿದ ಮಾತು ಅನಾದಿಕಾಲದ ಸತ್ಯವೆಂದು ನಿಮಗೆ ಅನ್ನಿಸಿತ್ತಲ್ಲವೇ ತಾಯಿ? ಅದು ಸತ್ಯವಲ್ಲ. ಒಂದು ಕಾಲದಲ್ಲಿ ಕೆಲವು ವಿದ್ವಾಂಸರೇ ಅದನ್ನು ಬರೆದರು, ಮುಂದೆ ವಿದ್ವಾಂಸರೇ ಅದನ್ನು ಅಳಿಸಿದರು. ಎರಡಕ್ಕೂ ಇಸವಿ ಇದೆ. ಪುಸ್ತಕ ಸುಟ್ಟರೆ ಮಾತು ಉಳಿಯುತ್ತದೆ, ಇಸವಿ ಸುಟ್ಟುಹೋಗುತ್ತದೆ." ಆಕೆ ಅದೇ ವಾರ ಮಗುವನ್ನು ಮಕ್ಕಳ ವೈದ್ಯರ ಬಳಿಗೂ, ಅಲ್ಲಿಂದ ತಜ್ಞರ ಬಳಿಗೂ ಕರೆದೊಯ್ದರು. ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಮಾತು ಕಡಿಮೆ, ಚಿತ್ರ ಬಿಡಿಸುತ್ತಾನೆ. ಆ ಪುಸ್ತಕ ನನ್ನ ಕಪಾಟಿನಲ್ಲೇ ಇದೆ. ಮೊದಲ ಪುಟದಲ್ಲಿ ಒಂದು ಚೀಟಿ ಅಂಟಿಸಿ, ಆಮೇಲೆ ಏನಾಯಿತೆಂದು ಬರೆದಿಟ್ಟಿದ್ದೇನೆ. ಇಂಥ ಪುಸ್ತಕಗಳಿಗೆಲ್ಲ ಈಗ ಇದೇ ನನ್ನ ಪದ್ಧತಿ.

ಇಂದು ಮೊಬೈಲಿನಲ್ಲಿ ಮನಸ್ಸಿನ ಬಗ್ಗೆ ದಿನಕ್ಕೊಂದು ಸಂದೇಶ ಬರುತ್ತದೆ. ನಾವು ಮಿದುಳಿನ ಹತ್ತನೇ ಒಂದು ಭಾಗವನ್ನು ಮಾತ್ರ ಬಳಸುತ್ತೇವೆಂಬ ಶುದ್ಧ ಸುಳ್ಳು ಅದರಲ್ಲಿ ಒಂದು. ಅದಕ್ಕೆ ಬರೆದವರ ಹೆಸರಿಲ್ಲ, ತಾರೀಕಿಲ್ಲ, ಆವೃತ್ತಿಯಿಲ್ಲ. ಹಳೆಯ ಪುಸ್ತಕ ತಪ್ಪು ಹೇಳಿದರೂ ಯಾರು, ಯಾವಾಗ ಹೇಳಿದರೆಂಬ ಗುರುತನ್ನಾದರೂ ಕೊಡುತ್ತದೆ. ಅದನ್ನು ಹಿಡಿದು ವಿಚಾರಿಸಬಹುದು.

ಈ ಹವ್ಯಾಸಕ್ಕೆ ಕೈಹಾಕುವವರಿಗೆ ಕೆಲವು ಮಾತು. ಗ್ರಂಥಾಲಯದ ಮುದ್ರೆಯಿದ್ದು, ಅದನ್ನು ವಿಲೇವಾರಿ ಮಾಡಿದ ಗುರುತಿಲ್ಲದಿದ್ದರೆ ಆ ಪುಸ್ತಕ ಕೊಳ್ಳಬೇಡಿ. ಅದು ತನ್ನ ಮನೆಗೆ ಹೋಗಬೇಕಾದದ್ದು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ, ಮಸಿ ಹರಡದಿರಲು ಹಾಕಿದ ಪಟಿಕದಿಂದ ಆಮ್ಲವೂ ಹುಟ್ಟುತ್ತದೆ. ಅದಕ್ಕೇ ಹಾಳೆ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಬಿಸಿಲಿಗೂ ತೇವಕ್ಕೂ ಒಡ್ಡದೆ, ಗೋಡೆಗೆ ತಾಗಿಸದೆ, ಗಾಳಿಯಾಡುವ ಕಡೆ ಇಟ್ಟರೆ ಬಾಳಿಕೆ ಹೆಚ್ಚು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಇನ್ನೊಂದಿದೆ. ಮನೋರೋಗದ ಪುಸ್ತಕ ಯಾರೂ ಸುಮ್ಮನೆ ಕೊಂಡಿರುವುದಿಲ್ಲ. ಹಾಳೆಗಳ ನಡುವೆ ಔಷಧಿಯ ಚೀಟಿ, ಅಣ್ಣ ತಂಗಿಗೆ ಬರೆದ ಕಾಗದ, ಆಸ್ಪತ್ರೆಯ ನೋಂದಣಿ ಚೀಟಿ ಸಿಗುವುದುಂಟು. ಅವುಗಳನ್ನು ಕ್ಯಾಮೆರಾದ ಮುಂದೆ ಹಿಡಿದರೆ ಮನ ಕಲಕುವ ಕಾರ್ಯಕ್ರಮವಾದೀತು, ನನ್ನ ವೃತ್ತಿಗೆ ಅದು ಗೊತ್ತು. ಆದರೆ ಅದು ಮತ್ತೊಬ್ಬರ ಗುಟ್ಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆ ಪಡೆಯುವವರ ವಿವರಗಳ ಗೋಪ್ಯತೆಯನ್ನು ಹಕ್ಕಾಗಿ ಮಾಡಿದೆ. ಅವರ ಒಪ್ಪಿಗೆಯಿಲ್ಲದೆ ಅವು ಮಾಧ್ಯಮಕ್ಕೆ ಹೋಗಬಾರದೆಂದೂ ಹೇಳಿದೆ. ಪುಸ್ತಕ ಕೊಟ್ಟ ಮನೆ ಗೊತ್ತಿದ್ದರೆ ಚೀಟಿಯನ್ನು ಸದ್ದಿಲ್ಲದೆ ಮರಳಿಸುತ್ತೇನೆ, ಇಲ್ಲವಾದರೆ ಓದದೆ ಹರಿದುಹಾಕುತ್ತೇನೆ.

ಕೊನೆಯದಾಗಿ ಎರಡು ವಿನಂತಿ. ಅಟ್ಟ ಖಾಲಿ ಮಾಡುವಾಗ ಪುಸ್ತಕಗಳನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಮಗುಚಿ ನೋಡಿ. ಅದರಲ್ಲಿ ಮನಸ್ಸನ್ನು ಕುರಿತ ಕನ್ನಡದ ಹಳೆಯ ಪುಸ್ತಕವಿದ್ದರೆ, ಅದು ಎಷ್ಟೇ ತೆಳುವಾಗಿರಲಿ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೋ, ಬಸವನಗುಡಿ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯದಲ್ಲೋ, ನಿಮ್ಮೂರಿನ ವಾಚನಾಲಯದಲ್ಲೋ ಬೇಕೇ ಎಂದು ವಿಚಾರಿಸಿ. ಇಂಗ್ಲಿಷ್ ಪುಸ್ತಕದ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಾದರೂ ಸಿಕ್ಕೀತು. ಕನ್ನಡದ್ದು ನಿಮ್ಮ ಅಟ್ಟದಲ್ಲಿರುವುದೇ ಕೊನೆಯದಾಗಿರಬಹುದು.

ಎರಡನೆಯದು, ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲವೆಂದರೆ ನನ್ನಂಥವನ ಕಪಾಟಿಗೆ ಬರಬೇಡಿ. ಕಾಯಿಲೆಗೆ ಬೇಕಾದದ್ದು ಇಂದಿನ ವೈದ್ಯರು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಹಣ ಕೊಡದೆ ಮಾತನಾಡಬಹುದು. ಆ ನಾಲ್ಕು ಮಾತು ಆಡಿ, ಚಿಕಿತ್ಸೆಗೆ ದಾರಿ ಮಾಡಿಕೊಳ್ಳಿ. ಮನೆಯವರು ಚೇತರಿಸಿಕೊಂಡ ಮೇಲೆ ಬಿಡುವಾಗಿ ಬನ್ನಿ. ಹಳೆಯವರು ಏನೇನು ತಿಳಿದಿದ್ದರು, ಎಲ್ಲೆಲ್ಲಿ ಎಡವಿದರು ಎಂದು ಒಟ್ಟಿಗೆ ಕೂತು ಓದೋಣ.